ಉಪವಾಸವೂ ವೈಯಾವೃತ್ತ್ಯವೂ

ತಪಸ್ಸೆಂದ ಕೂಡಲೇ ಶ್ರಾವಕರ ಮನಸ್ಸಿಗೆ ಮೊದಲು ಹೊಳೆಯುವುದು ಉಪವಾಸ. ಅಷ್ಟಮಿ ಚತುರ್ದಶಿಗಳ ಪ್ರೋಷಧ, ಅಷ್ಟಾಹ್ನಿಕದ ನೋಂಪಿ, ಭಾದ್ರಪದದ ದಶಲಕ್ಷಣ ಪರ್ವ ಇವೆಲ್ಲವೂ ಜೈನ ಮನೆತನಗಳಲ್ಲಿ ತಲೆಮಾರುಗಳಿಂದ ನಡೆದುಬಂದಿವೆ. ಇದು ಯೋಗ್ಯವೇ ಸರಿ. ಆದರೆ ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ತಪಸ್ಸನ್ನು 12 ಬಗೆಯಾಗಿ ವಿಂಗಡಿಸಿದ್ದಾರೆ. ಅನಶನ ಮೊದಲಾದ ಆರು ಬಾಹ್ಯ ತಪಗಳು. ಪ್ರಾಯಶ್ಚಿತ್ತ ಮೊದಲಾದ ಆರು ಅಂತರಂಗ ತಪಗಳು. ಈ ಅಂತರಂಗ ತಪಗಳಲ್ಲಿ ಮೂರನೆಯದು ವೈಯಾವೃತ್ತ್ಯ, ಅಂದರೆ ಸೇವೆ. ಸೇವೆಗೆ ಪಾತ್ರರಾದ ಹತ್ತು ಬಗೆಯವರನ್ನು ಹೇಳುವಾಗ ಸೂತ್ರಕಾರರು 'ಗ್ಲಾನ'ನನ್ನು, ಎಂದರೆ ರೋಗದಿಂದ ಬಳಲಿದವನನ್ನು, ಮರೆಯದೆ ಸೇರಿಸಿದ್ದಾರೆ. ಹಸಿದಿರುವುದು ಹೇಗೆ ತಪಸ್ಸೋ ಹಾಗೆಯೇ ರೋಗಿಯ ಬಳಿ ಎಚ್ಚರವಾಗಿರುವುದೂ ತಪಸ್ಸೇ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ನಾಲ್ಕು ಶಿಕ್ಷಾವ್ರತಗಳನ್ನು ವಿವರಿಸುವಾಗ ಪ್ರೋಷಧೋಪವಾಸದ ಪಕ್ಕದಲ್ಲಿಯೇ ವೈಯಾವೃತ್ತ್ಯವನ್ನು ಇರಿಸಿದ್ದಾರೆ. ಅಲ್ಲಿ ಪ್ರಧಾನವಾಗಿ ಹೇಳಿರುವುದು ಸಂಯಮಿಗಳ ಸೇವೆಯನ್ನು. ಆದರೆ ಸಹಧರ್ಮಿಗಳಲ್ಲಿ ವಾತ್ಸಲ್ಯವು ಸಮ್ಯಗ್ದರ್ಶನದ ಅಂಗವೆಂದೂ, ದುಃಖಪೀಡಿತ ಜೀವಿಗಳಲ್ಲಿ ಕಾರುಣ್ಯವನ್ನು ಭಾವಿಸಬೇಕೆಂದೂ ಶಾಸ್ತ್ರವು ಬೇರೆಡೆಗಳಲ್ಲಿ ವಿಧಿಸಿದೆ. ಆದುದರಿಂದ ನೆರೆಮನೆಯ ರೋಗಿಯು ಶ್ರಾವಕನ ಧರ್ಮಕ್ಕೆ ಹೊರಗಿನವನಲ್ಲ.

ಉಪವಾಸ ಮತ್ತು ಸೇವೆ ಎರಡೂ ಒಂದೇ ವೇಳೆಯಲ್ಲಿ ಎದುರು ಬಂದು ನಿಂತಾಗ ಏನು ಮಾಡಬೇಕು? ಒಂದು ದೃಷ್ಟಾಂತವನ್ನು ತೆಗೆದುಕೊಳ್ಳಬಹುದು.

ಒಂದು ಊರಿನಲ್ಲಿ ಇಬ್ಬರು ಶ್ರಾವಕರು, ಬಾಲ್ಯದ ಗೆಳೆಯರು. ಅವರಲ್ಲಿ ಹಿರಿಯನು ಒಂಬತ್ತು ವರ್ಷ ದಶಲಕ್ಷಣ ನೋಂಪಿಯನ್ನು ಹತ್ತು ದಿನಗಳ ಉಪವಾಸದಿಂದಲೇ ನಡೆಸಿದವನು. ಹತ್ತನೆಯ ವರ್ಷ ಉದ್ಯಾಪನೆ. ಬಂಧುಗಳಿಗೆ ಕರೆ ಹೋಗಿತ್ತು. ಪರ್ವಕ್ಕೆ ಎರಡು ವಾರ ಮೊದಲು ಕಿರಿಯ ಗೆಳೆಯನ ತಾಯಿಗೆ ಪಾರ್ಶ್ವವಾಯು ಬಡಿದು ಬಲಗೈ, ಬಲಗಾಲು ಬಿದ್ದುಹೋದವು, ಮಾತು ನಿಂತಿತು. ಆಸ್ಪತ್ರೆಯಿಂದ ಮನೆಗೆ ಕಳುಹಿಸುವಾಗ ವೈದ್ಯರು, ಬೆನ್ನಿನಲ್ಲಿ ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕೆಂದೂ, ನೆಟ್ಟಗೆ ಕೂರಿಸಿಯೇ ಗಂಜಿ ಕುಡಿಸಬೇಕೆಂದೂ ಹೇಳಿದ್ದರು. ಮಗನೂ ಸೊಸೆಯೂ ಇಬ್ಬರೇ. ಒಂದು ವಾರದಲ್ಲಿ ಇಬ್ಬರ ಕಣ್ಣೂ ಗುಳಿಬಿದ್ದವು.

ಹಿರಿಯನು ದಿನವೂ ಬಂದು ಹೋಗುತ್ತಿದ್ದನು. ಚತುರ್ಥಿಯ ಸಂಜೆ ಅವನು ರೋಗಿಯನ್ನು ಎತ್ತಿ ಕೂರಿಸುತ್ತಿದ್ದಾಗ ಒಂದು ಯೋಚನೆ ಬಂದಿತು. ನಾಳೆಯಿಂದ ಉಪವಾಸ, ಐದನೆಯ ದಿನದ ಹೊತ್ತಿಗೆ ಈ ಕೈಗಳಲ್ಲಿ ಇವಳನ್ನು ಎತ್ತುವ ಬಲವಿರುವುದೇ? ಅದೇ ಸಂಜೆ ಇನ್ನೊಂದು ಸಂಗತಿಯೂ ಹೊರಬಿದ್ದಿತು. ತಾಯಿ ಗುಣವಾಗಲೆಂದು ಕಿರಿಯನೂ ಹತ್ತು ಉಪವಾಸಗಳ ಸಂಕಲ್ಪಕ್ಕೆ ಸಿದ್ಧನಾಗಿದ್ದನು. ಅವನು ಮಧುಮೇಹಿ, ಇನ್ಸುಲಿನ್ ಚುಚ್ಚಿಸಿಕೊಳ್ಳುವವನು. ಹೆಂಡತಿಗೂ ಹೇಳಿರಲಿಲ್ಲ.

"ಸೂಜಿ ತೆಗೆದುಕೊಂಡು ಉಣ್ಣದಿದ್ದರೆ ಪ್ರಜ್ಞೆ ತಪ್ಪಿ ಬೀಳುತ್ತೀಯೆ, ಸೂಜಿ ಬಿಟ್ಟರೆ ಸಕ್ಕರೆ ಏರಿ ಬೀಳುತ್ತೀಯೆ. ಆಗ ಅವ್ವನನ್ನು ಹೊರಳಿಸುವವರು ಯಾರು?" ಎಂದು ಹಿರಿಯನು ಕೇಳಿದನು.

"ಮತ್ತೇನು ಮಾಡಲಿ? ನನ್ನಿಂದ ಆಗುವುದು ಅದೊಂದೇ" ಎಂದನು ಕಿರಿಯ.

"ನಿನ್ನ ಉಪವಾಸದಿಂದ ನಿರ್ಜರೆಯಾಗುವುದು ನಿನ್ನ ಕರ್ಮ. ಅವ್ವನ ಕರ್ಮವನ್ನು ನೀನು ಹಸಿದು ಕಳೆಯಲಾರೆ. ಗಂಜಿಯನ್ನು ಮಾತ್ರ ಕುಡಿಸಬಲ್ಲೆ. ರಾತ್ರಿಯ ಸರದಿ ಇನ್ನು ಮೇಲೆ ನನ್ನದು. ಅವಳು ನನಗೆ ಎಷ್ಟು ಸಲ ಉಣಬಡಿಸಿದ್ದಾಳೆ, ಲೆಕ್ಕವಿದೆಯೇ?"

ಹಿರಿಯನು ಮರುದಿನ ಬಸದಿಯಲ್ಲಿ ಸ್ವೀಕರಿಸಿದ ನಿಯಮ ಹತ್ತು ದಿನಗಳ ಏಕಾಶನ. ದಶಲಕ್ಷಣ ನೋಂಪಿಯಲ್ಲಿ ಶಕ್ತಿಯುಳ್ಳವರಿಗೆ ಉಪವಾಸವೂ ಇಲ್ಲದವರಿಗೆ ಏಕಾಶನವೂ ವಿಹಿತವಾಗಿರುವುದರಿಂದ ನೋಂಪಿ ಮುರಿಯಲಿಲ್ಲ. ಸಂಕಲ್ಪ ಮಾಡಿ ಕೈಬಿಡುವುದಕ್ಕಿಂತ ಮೊದಲೇ ಅಳೆದು ಸ್ವೀಕರಿಸುವುದು ಮೇಲು. "ಉದ್ಯಾಪನೆಯ ವರ್ಷವೇ ಸಡಿಲವಾಯಿತೇ?" ಎಂದು ಬಸದಿಯಲ್ಲಿ ಒಬ್ಬಿಬ್ಬರು ಕೇಳಿದರು. ಅವನು ಕಾರಣ ಹೇಳಲಿಲ್ಲ. ಆ ಮೌನವೂ ಅವನಿಗೆ ಸುಲಭವಾಗಿರಲಿಲ್ಲ. ಒಂಬತ್ತು ವರ್ಷಗಳ ಕೀರ್ತಿಯನ್ನು ಬಿಡುವುದು ಹತ್ತು ದಿನಗಳ ಅನ್ನ ಬಿಡುವುದಕ್ಕಿಂತ ಕಠಿನವೆಂದು ಆಗ ಅವನಿಗೆ ತಿಳಿಯಿತು. ಕಾರ್ತಿಕದ ಹೊತ್ತಿಗೆ ಆ ತಾಯಿಗೆ ಮಾತು ಮರಳಲಿಲ್ಲ. ಎಡಗೈಯಿಂದ ಲೋಟ ಹಿಡಿದು ಕುಡಿಯುವಷ್ಟಾದಳು. ಬೆನ್ನಿನಲ್ಲಿ ಒಂದು ಹುಣ್ಣೂ ಆಗಿರಲಿಲ್ಲ.

ಇಲ್ಲಿ ಶಾಸ್ತ್ರದೃಷ್ಟಿಯಿಂದ ವಿಚಾರಿಸಬೇಕಾದ ಅಂಶಗಳಿವೆ. ತೀರ್ಥಂಕರ ನಾಮಕರ್ಮಕ್ಕೆ ಕಾರಣವಾದ ಷೋಡಶ ಭಾವನೆಗಳಲ್ಲಿ ತಪಸ್ಸು 'ಶಕ್ತಿಗೆ ತಕ್ಕಂತೆ' ಎಂದೇ ಉಕ್ತವಾಗಿದೆ; ಅದೇ ಸಾಲಿನಲ್ಲಿ ವೈಯಾವೃತ್ತ್ಯವೂ ಸೇರಿದೆ. ಶಕ್ತಿಯನ್ನು ಬಚ್ಚಿಡುವುದು ಎಷ್ಟು ದೋಷವೋ, ಇಲ್ಲದ ಶಕ್ತಿಯನ್ನು ತೋರಿಸಹೋಗುವುದೂ ಅಷ್ಟೇ ಅವಿವೇಕ. ಮಧುಮೇಹಿಗಳು, ಗರ್ಭಿಣಿಯರು, ಹೃದ್ರೋಗಕ್ಕೆ ಔಷಧ ಸೇವಿಸುವವರು ವೈದ್ಯರನ್ನು ಕೇಳದೆ ಉಪವಾಸ ಹಿಡಿಯಬಾರದು. ಅಂಥವರಿಗೆ ಅವಮೌದರ್ಯ, ರಸಪರಿತ್ಯಾಗಗಳುಂಟು. ವೈದ್ಯರು ಹೇಳಿದ ಪಥ್ಯವನ್ನು ಮೀರದೆ ಅವುಗಳನ್ನು ಆಚರಿಸಬಹುದು. ಸ್ವಾಧ್ಯಾಯಕ್ಕಂತೂ ಅಡ್ಡಿಯೇ ಇಲ್ಲ.

ಎರಡನೆಯದು ಇನ್ನೂ ಮುಖ್ಯವಾದುದು. ರೋಗಿಯ ಮನೆಗೆ ಹೋಗಿ "ಎಲ್ಲವೂ ಪೂರ್ವಕರ್ಮ, ಅನುಭವಿಸಲೇಬೇಕು" ಎಂದು ಹೇಳಿ ಬರುವವರುಂಟು. ರೋಗಕ್ಕೆ ಅಸಾತಾ ವೇದನೀಯದ ಉದಯವು ಕಾರಣವೆಂಬುದು ಸತ್ಯ. ಆದರೆ ಪರರಲ್ಲಿ ದುಃಖವನ್ನೂ ಶೋಕವನ್ನೂ ಉಂಟುಮಾಡುವುದು ಅದೇ ಅಸಾತಾ ವೇದನೀಯದ ಆಸ್ರವಕ್ಕೆ ಕಾರಣವೆಂದು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವು ತಿಳಿಸುತ್ತದೆ. ಜೀವಿಗಳಲ್ಲಿ ಅನುಕಂಪೆಯು ಸಾತಾ ವೇದನೀಯಕ್ಕೆ ಕಾರಣವೆಂದೂ ಅಲ್ಲಿಯೇ ಹೇಳಿದೆ. ರೋಗಿಯನ್ನು ಅಳಿಸಿ ಎದ್ದವನು ಅವನ ಕರ್ಮವನ್ನು ಕಳೆಯಲಿಲ್ಲ, ತನ್ನದನ್ನು ಕಟ್ಟಿಕೊಂಡನು. ರೋಗ ಪರೀಷಹವು ತನಗೆ ಬಂದ ವ್ಯಾಧಿಯನ್ನು ತಾನು ಸಹಿಸುವ ವಿಷಯ. ಪರರ ವ್ಯಾಧಿಯನ್ನು ಕಂಡು ತಾನು ಸಹಿಸಿಕೊಂಡಿರುವುದಕ್ಕೆ ಪರೀಷಹಜಯವೆಂಬ ಹೆಸರಿಲ್ಲ. ತನ್ನ ರೋಗಕ್ಕೆ ಸಹನೆ, ಅನ್ಯರ ರೋಗಕ್ಕೆ ಕರುಣೆ: ಇದು ಕ್ರಮ.

ನಿರ್ವಿಚಿಕಿತ್ಸಾ ಅಂಗಕ್ಕೆ ಪ್ರಸಿದ್ಧನಾದ ಉದ್ದಾಯನ ಮಹಾರಾಜನ ಕಥೆಯನ್ನು ಮಕ್ಕಳೂ ಬಲ್ಲರು. ಕುಷ್ಠರೋಗಿ ಮುನಿಯ ವೇಷದಲ್ಲಿ ಪರೀಕ್ಷಿಸಲು ಬಂದ ದೇವನು ಆಹಾರವನ್ನೆಲ್ಲ ಸ್ವೀಕರಿಸಿ ಅರಸನ ಮೇಲೂ ರಾಣಿಯ ಮೇಲೂ ವಾಂತಿ ಮಾಡಿದನು. ಅರಸನು ಮೂಗು ಮುರಿಯಲಿಲ್ಲ. ಪ್ರಕೃತಿಗೆ ಒಗ್ಗದ ಆಹಾರ ನೀಡಿದೆನಲ್ಲಾ ಎಂದು ತನ್ನನ್ನೇ ನಿಂದಿಸಿಕೊಂಡು ಮುನಿಯ ದೇಹವನ್ನು ತೊಳೆದನು. ರೋಗಿಯ ಹಾಸಿಗೆ ಬದಲಿಸುವಾಗ ಮನಸ್ಸು ಹಿಂಜರಿದರೆ ಆ ಅರಸನನ್ನು ನೆನೆಯುವುದು ಒಳ್ಳೆಯದು.

ಮಿತ್ರನಾದವನು ಆಚರಿಸತಕ್ಕ ಸಣ್ಣ ನಿಯಮಗಳೂ ಇವೆ. ರಾತ್ರಿಭೋಜನ ತ್ಯಾಗವಿರುವ ಮನೆಯವರು ಆಸ್ಪತ್ರೆಯಲ್ಲಿದ್ದರೆ ಸೂರ್ಯಾಸ್ತಕ್ಕೆ ಮುನ್ನ ಊಟವನ್ನೂ ಸೋಸಿ ಕಾಯಿಸಿದ ನೀರನ್ನೂ ತಲುಪಿಸಬೇಕು. ಹೊತ್ತು ಮುಳುಗಿದ ಮೇಲೆ ಬಂದ ಬುತ್ತಿ ಅವರಿಗೆ ಉಪವಾಸವನ್ನೇ ತಂದಂತೆ. "ಏನಾದರೂ ಬೇಕಿದ್ದರೆ ಹೇಳಿ" ಎಂದರೆ ಯಾರೂ ಹೇಳುವುದಿಲ್ಲ. "ಮಂಗಳವಾರ ರಾತ್ರಿ ನಾನಿರುತ್ತೇನೆ" ಎನ್ನಬೇಕು. ರೋಗಿಯ ಕೋಣೆಯಲ್ಲಿ ಕಂಡುದನ್ನು ಊರಲ್ಲಿ ಬಿತ್ತರಿಸಬಾರದು. ಉಪಗೂಹನವನ್ನು ಇಲ್ಲಿಯೂ ಪಾಲಿಸಬೇಕು. ಶುಶ್ರೂಷೆ ಮಾಡುವವರು ಉಂಡರೇ, ಮಲಗಿದರೇ, ತಮ್ಮ ಔಷಧ ತೆಗೆದುಕೊಂಡರೇ ಎಂದು ವಿಚಾರಿಸಬೇಕು. ಕಷ್ಟದಲ್ಲಿರುವವರೂ ಸಂಕೋಚದಿಂದ ಬಾಗಿಲು ಮುಚ್ಚಬಾರದು. ಜೀವಿಗಳು ಪರಸ್ಪರ ಉಪಕಾರದಿಂದ ಬಾಳುತ್ತವೆ ಎಂದ ಮೇಲೆ ಉಪಕಾರವನ್ನು ಸ್ವೀಕರಿಸುವುದೂ ಧರ್ಮದೊಳಗಿನದೇ.

ಬರುವ ಪರ್ವದಲ್ಲಿ ನಿಯಮ ಸ್ವೀಕರಿಸುವ ಮುನ್ನ ಪ್ರತಿಯೊಬ್ಬ ಶ್ರಾವಕನೂ ಶ್ರಾವಕಿಯೂ ಒಮ್ಮೆ ತಮ್ಮ ಓಣಿಯನ್ನು ನೆನೆಯಲಿ. ಯಾವ ಮನೆಯಲ್ಲಿ ನಡುರಾತ್ರಿಯೂ ದೀಪ ಉರಿಯುತ್ತಿದೆಯೋ ಅಲ್ಲಿ ಒಂದು ತಪಸ್ಸು ಕಾದಿದೆ. ಸಕಲ ಜೀವಿಗಳಿಗೂ ಆರೋಗ್ಯ, ಸಮಾಧಿ, ಬೋಧಿಗಳು ಲಭಿಸಲಿ.