ಸಲ್ಲೇಖನ ವ್ರತ ಮತ್ತು ಎದೆಯೊಳಗಿನ ಯಂತ್ರ

ಹೃದಯದ ಕೆಳಕೋಣೆಗಳು ಲಯ ತಪ್ಪಿ ಅದುರತೊಡಗಿದಾಗ ವಿದ್ಯುದಾಘಾತ ನೀಡಿ ಬಡಿತವನ್ನು ಮರಳಿಸುವ, ಚರ್ಮದಡಿ ಹುದುಗಿಸುವ ಡಿಫಿಬ್ರಿಲೇಟರನ್ನು ಮಿಷೆಲ್ ಮಿರೋವ್‌ಸ್ಕಿ ಮತ್ತು ಸಂಗಡಿಗರು ರೂಪಿಸಿದರು. ಅದನ್ನು ಮೊದಲು ಮನುಷ್ಯದೇಹಕ್ಕೆ ಅಳವಡಿಸಿದ್ದು 1980ರಲ್ಲಿ, ಅಮೆರಿಕದ ಬಾಲ್ಟಿಮೋರ್‌ನಲ್ಲಿ. ಈ ಯಂತ್ರ ಲಯಭಂಗವನ್ನು ಬಾರದಂತೆ ತಡೆಯುವುದಿಲ್ಲ, ಬಂದದ್ದನ್ನು ನಿಲ್ಲಿಸುತ್ತದೆ. ಆದುದರಿಂದ ಆಘಾತದ ಸಂದರ್ಭ ಎಷ್ಟು ಸಲ ಒದಗುತ್ತದೆ ಎಂಬುದರಲ್ಲಿ ಮದ್ಯಪಾನ, ನಿದ್ದೆಗೇಡು, ಔಷಧ ತಪ್ಪಿಸುವುದು ಮೊದಲಾದ ರೂಢಿಗಳಿಗೂ ಪಾಲಿದೆ. ಉಪವಾಸ ಇವುಗಳ ಸಾಲಿಗೆ ಸೇರಿದರೂ ಬೇರೆ ಜಾತಿಯದು, ಏಕೆಂದರೆ ಅದು ಚಟವಲ್ಲ, ಸಂಕಲ್ಪ. ದೀರ್ಘ ಉಪವಾಸದಿಂದ ರಕ್ತದ ಪೊಟ್ಯಾಷಿಯಂ, ಮೆಗ್ನೀಷಿಯಂ ಲವಣಗಳು ಕುಗ್ಗಿದರೆ ಹೃದಯದ ವಿದ್ಯುತ್ ಸ್ಥಿರತೆ ಕೆಟ್ಟು, ಯಂತ್ರ ಕೆಲಸಕ್ಕೆ ಇಳಿಯಬಹುದು.

ಏಕಾದಶಿಯಂಥ ವ್ರತಗಳಲ್ಲಿ ರೋಗಿಗೆ ವಿನಾಯಿತಿ ಇರುವುದರಿಂದ ಅಲ್ಲಿ ತತ್ತ್ವದ ತೊಡಕು ಹೆಚ್ಚಿಲ್ಲ. ತೊಡಕಿರುವುದು ಜೈನರ ಸಲ್ಲೇಖನದಲ್ಲಿ, ಅಂದರೆ ಪರಿಹಾರವಿಲ್ಲದ ರೋಗ, ಮುಪ್ಪು, ಕ್ಷಾಮಗಳು ಎದುರಾದಾಗ ಕ್ರೋಧ, ಮಾನ, ಮಾಯೆ, ಲೋಭಗಳೆಂಬ ಕಷಾಯಗಳನ್ನೂ ಆಹಾರವನ್ನೂ ಕ್ರಮಕ್ರಮವಾಗಿ ಕ್ಷೀಣಗೊಳಿಸುತ್ತ ದೇಹವನ್ನು ಬಿಡುವ ವ್ರತದಲ್ಲಿ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಶಾಸನಗಳಲ್ಲಿ ಇಂಥ ಮರಣಗಳು ಹಲವು ದಾಖಲಾಗಿವೆ. ಉಮಾಸ್ವಾತಿಯ ತತ್ತ್ವಾರ್ಥಸೂತ್ರ ಈ ವ್ರತದ ಐದು ಅತಿಚಾರಗಳನ್ನು, ಎಂದರೆ ದೋಷಗಳನ್ನು, ಹೇಳುವಾಗ ಬದುಕುವ ಆಸೆಯನ್ನೂ ಸಾಯುವ ಆಸೆಯನ್ನೂ ಒಟ್ಟಿಗೇ ಎಣಿಸುತ್ತದೆ. ಹಾಗಾದರೆ ಯಂತ್ರವನ್ನು ಚಾಲೂ ಬಿಡುವುದು ಮೊದಲನೆಯ ದೋಷವೇ, ನಿಲ್ಲಿಸುವುದು ಎರಡನೆಯದೇ?

ನಿಲ್ಲಿಸುವುದರಲ್ಲಿ ದೋಷವಿಲ್ಲವೆಂಬ ವಾದವೇ ಹೆಚ್ಚು ಗಟ್ಟಿ. ಆಘಾತದ ಕಾರ್ಯವನ್ನು ಹೊರಗಿನ ಉಪಕರಣದಿಂದ, ನೋವಿಲ್ಲದೆ, ಶಸ್ತ್ರಕ್ರಿಯೆಯಿಲ್ಲದೆ ಸ್ಥಗಿತಗೊಳಿಸಬಹುದು. ಅದರಿಂದ ಸಾವು ಬರುವುದಿಲ್ಲ, ಬಂದ ಸಾವಿಗೆ ಅಡ್ಡಿ ತಪ್ಪುತ್ತದೆ. ಹಿಂದೊಮ್ಮೆ ಬದುಕಲೆಂದು ಕೊಟ್ಟ ಒಪ್ಪಿಗೆ, ಅದನ್ನು ಕೊಟ್ಟವನ ಮನಸ್ಸು ಬದಲಾದ ಮೇಲೂ ಯಂತ್ರದ ರೂಪದಲ್ಲಿ ತಾನೇ ತಾನಾಗಿ ನಡೆಯುತ್ತಿರುತ್ತದೆ, ಮತ್ತು ಎದೆಗೆ ಒದ್ದಂತಾಗುವ ಒಂದೊಂದು ಆಘಾತವೂ ವ್ರತದ ಜೀವಾಳವಾದ ಸಮಭಾವವನ್ನೇ ಕದಡುತ್ತದೆ. ಇನ್ನೂ ಚಿಕಿತ್ಸೆಗೆ ಬಗ್ಗುವ ರೋಗಿ ಬೇಸರದಿಂದ ಅದನ್ನು ನಿಲ್ಲಿಸಿದರೆ ಮಾತ್ರ ಎರಡನೆಯ ದೋಷವನ್ನು ಅಲ್ಲಗಳೆಯಲಾಗದು.

ಈ ವಾದಕ್ಕೊಂದು ಮಿತಿಯಿದೆ. ಇಂಥ ಬಹುಪಾಲು ಯಂತ್ರಗಳು ನಿಧಾನಗತಿಯ ಹೃದಯವನ್ನು ಮೆಲುವಾದ ವಿದ್ಯುತ್ ಮಿಡಿತದಿಂದ ನಡೆಸುವ ಪೇಸ್‌ಮೇಕರ್ ಕೆಲಸವನ್ನೂ ಮಾಡುತ್ತವೆ. ಅದನ್ನೇ ಸಂಪೂರ್ಣವಾಗಿ ಅವಲಂಬಿಸಿದವರಲ್ಲಿ ಆ ಮಿಡಿತವನ್ನು ತಡೆದರೆ ಕೂಡಲೇ ಸಾವು ಸಂಭವಿಸಬಹುದಾದ್ದರಿಂದ, ಆಘಾತಕ್ಕೆ ಅನ್ವಯಿಸಿದ ತರ್ಕವನ್ನು ಅಲ್ಲಿಗೂ ಎಳೆಯುವಂತಿಲ್ಲ.