ಬಂಡವಾಳಕ್ಕೂ ಮೊದಲು ಬೇಕಾದದ್ದು

ಸಿಂಧನೂರು ತಾಲೂಕಿನ ತುರ್ವಿಹಾಳದಂತಹ ಊರಿನಲ್ಲಿ ವ್ಯವಹಾರ ನಡೆಯುವುದು ಹಣದಿಂದ ಮಾತ್ರವಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಈ ಪ್ರದೇಶದಲ್ಲಿ ಬೀಜ, ಗೊಬ್ಬರಗಳನ್ನು ಉದ್ರಿ ತಂದು, ಭತ್ತ ಕೊಯ್ದ ಮೇಲೆ ಲೆಕ್ಕ ಚುಕ್ತಾ ಮಾಡುವ ರೈತರು ಬಹಳ. ಅಂಗಡಿಯವನ ಖಾತೆಪುಸ್ತಕದಲ್ಲಿ ಬರೆದಿರುವುದು ಅಂಕಿಗಳಾದರೂ ಅದರ ಹಿಂದಿರುವುದು ನಂಬಿಕೆ. ಈ ನಂಬಿಕೆ ಹಳ್ಳಿಯ ಹಳೆಯ ಪದ್ಧತಿ, ಬೆಂಗಳೂರಿನ ತಂತ್ರಜ್ಞಾನ ಕಂಪೆನಿಗಳಿಗೆ ಬೇಕಾದದ್ದು ಬುದ್ಧಿ ಮತ್ತು ಬಂಡವಾಳ ಮಾತ್ರ ಎಂದು ನಾವು ಭಾವಿಸುತ್ತೇವೆ. ಇದು ನಿಜವೇ?

ರೆಡ್‌ಬಸ್‌ನ ಕಥೆಯನ್ನೇ ನೋಡಿ. 2005ರ ದೀಪಾವಳಿಗೆ ಬೆಂಗಳೂರಿನಿಂದ ಊರಿಗೆ ಹೋಗಲು ಬಸ್ ಟಿಕೆಟ್ ಸಿಗದ ಯುವ ಇಂಜಿನಿಯರ್ ಫಣೀಂದ್ರ ಸಾಮಾ, ಗೆಳೆಯರೊಂದಿಗೆ ಸೇರಿ 2006ರಲ್ಲಿ ಅದನ್ನು ಆರಂಭಿಸಿದರು. ಸಾಫ್ಟ್‌ವೇರ್ ಬರೆದರಷ್ಟೇ ಸಾಲುತ್ತಿರಲಿಲ್ಲ. ಬಸ್ ಮಾಲೀಕರು ಮತ್ತು ಏಜೆಂಟರನ್ನು ಒಪ್ಪಿಸುವುದು ಕಷ್ಟವಾಯಿತು. ಗುರುತಿಲ್ಲದ ಹುಡುಗರ ಕೈಗೆ ತಮ್ಮ ಸೀಟುಗಳನ್ನು ಅವರು ಏಕೆ ಕೊಡಬೇಕು? ಬಾಗಿಲಿನಿಂದ ಬಾಗಿಲಿಗೆ ಅಲೆದು ಗಳಿಸಿದ ವಿಶ್ವಾಸವೇ ಆ ಸಂಸ್ಥೆಯ ಮೊದಲ ಬಂಡವಾಳವಾಯಿತು.

1981ರಲ್ಲಿ ಏಳು ಮಂದಿ ಸೇರಿ ಕಟ್ಟಿದ ಇನ್ಫೋಸಿಸ್‌ಗೆ 1990ರಲ್ಲಿ ಒಂದು ಪರೀಕ್ಷೆ ಎದುರಾಯಿತು. ಕಂಪೆನಿಯನ್ನು ಹತ್ತು ಲಕ್ಷ ಡಾಲರಿಗೆ ಕೊಳ್ಳುವ ಪ್ರಸ್ತಾಪ ಬಂದಿತ್ತು. ಕಷ್ಟಪಟ್ಟು ದಣಿದಿದ್ದ ಜೊತೆಗಾರರು ಮಾರುವತ್ತ ವಾಲಿದ್ದರು. ಆಗ ನಾರಾಯಣ ಮೂರ್ತಿಯವರು, ಹೋಗಬಯಸುವವರ ಪಾಲನ್ನು ತಾನೇ ಕೊಳ್ಳುವುದಾಗಿ ಹೇಳಿದರು. ಕೊನೆಗೆ ಎಲ್ಲರೂ ಉಳಿದರು. ಆ ದಿನ ಸಂಸ್ಥೆಯನ್ನು ಉಳಿಸಿದ್ದು ಯಂತ್ರವಲ್ಲ, ಒಬ್ಬರ ಮೇಲೊಬ್ಬರಿಗಿದ್ದ ಭರವಸೆ.

ಆದರೆ ಇಲ್ಲೊಂದು ಕಹಿ ಸತ್ಯವೂ ಇದೆ. ರೆಡ್‌ಬಸ್‌ನ ಗೆಳೆಯರು ಬಿಟ್ಸ್ ಪಿಲಾನಿಯವರು. 2007ರಲ್ಲಿ ಫ್ಲಿಪ್‌ಕಾರ್ಟ್ ಆರಂಭಿಸಿದ ಸಚಿನ್ ಬನ್ಸಲ್ ಮತ್ತು ಬಿನ್ನಿ ಬನ್ಸಲ್ ದಿಲ್ಲಿಯ ಐಐಟಿಯಲ್ಲಿ ಓದಿದವರು. ಇನ್ಫೋಸಿಸ್‌ನವರು ಒಂದೇ ಕಂಪೆನಿಯಲ್ಲಿ ದುಡಿದವರು. ಹಾಗಾದರೆ ತುರ್ವಿಹಾಳದ ಸರಕಾರಿ ಶಾಲೆಯಲ್ಲಿ ಓದಿದ, ಅಂತಹ ಗೆಳೆಯರಿಲ್ಲದ ಹುಡುಗಿ ಅಥವಾ ಹುಡುಗ ಏನು ಮಾಡಬೇಕು? ಸಂಬಂಧಗಳು ಬಾಗಿಲು ತೆರೆಯುವಂತೆಯೇ ಬಾಗಿಲು ಮುಚ್ಚಲೂಬಲ್ಲವು. ಊರಿನ ಉದ್ರಿಯ ಪುಸ್ತಕದಲ್ಲೂ ಮುಖಪರಿಚಯವಿಲ್ಲದವನ, ಜಾಮೀನಿಲ್ಲದವನ ಹೆಸರು ಸುಲಭವಾಗಿ ಏರುವುದಿಲ್ಲ. ನಮ್ಮವರನ್ನು ಮಾತ್ರ ನಂಬುವುದು ನೀತಿಯಲ್ಲ, ಅದು ಗುಂಪುಗಾರಿಕೆ.

ಸಂಬಂಧವು ನೈತಿಕ ಮೌಲ್ಯವಾಗುವುದು ಅಪರಿಚಿತನ ಕಡೆಗೆ ಚಾಚಿದಾಗ. ಫ್ಲಿಪ್‌ಕಾರ್ಟ್‌ಗೆ ಮೊದಲು ಆರ್ಡರ್ ಕೊಟ್ಟದ್ದು ನಮ್ಮ ರಾಯಚೂರಿಗೆ ಸಮೀಪದ ಮೆಹಬೂಬ್‌ನಗರದ ಒಬ್ಬ ಓದುಗ. ಆತ ಕೇಳಿದ ಪುಸ್ತಕ ಇವರ ಬಳಿ ಇರಲಿಲ್ಲ. ಬೆಂಗಳೂರಿನ ಪುಸ್ತಕದಂಗಡಿಗಳನ್ನೆಲ್ಲ ಹುಡುಕಿ ಅದನ್ನು ಕಳುಹಿಸಿದರು. ಎಂದೂ ನೋಡದವನಿಗೆ ಕೊಟ್ಟ ಮಾತನ್ನು ಉಳಿಸಿಕೊಳ್ಳುವುದು ಎಂದರೆ ಇದೇ.

ಇನ್ನು, ಸಂಬಂಧವನ್ನು ಕೇವಲ ಸಾಧನವಾಗಿ ಬಳಸಿದರೆ ಏನಾಗುತ್ತದೆ? ಬೈಜೂಸ್ ಬೆಳೆದದ್ದು ಶಿಕ್ಷಕ ಮತ್ತು ವಿದ್ಯಾರ್ಥಿಯ ನಡುವಿನ ಆಕರ್ಷಣೆಯಿಂದ. 2022ರಲ್ಲಿ ಅದರ ಬೆಲೆಯನ್ನು 2,200 ಕೋಟಿ ಡಾಲರ್ ಎಂದು ಲೆಕ್ಕ ಹಾಕಲಾಗಿತ್ತು. ಅದೇ ವರ್ಷ, ಹೆತ್ತವರಿಗೆ ಕೋರ್ಸುಗಳನ್ನು ಒತ್ತಾಯದಿಂದ ಮಾರಲಾಗುತ್ತಿದೆ ಎಂಬ ದೂರುಗಳ ಮೇಲೆ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗವು ಅದರ ಮುಖ್ಯಸ್ಥರಿಗೆ ಸಮನ್ಸ್ ನೀಡಿತು. ಸಾವಿರಾರು ನೌಕರರು ಕೆಲಸ ಕಳಕೊಂಡರು. 2024ರಲ್ಲಿ ಕಂಪೆನಿ ದಿವಾಳಿ ಪ್ರಕ್ರಿಯೆಯ ಮೆಟ್ಟಿಲೇರಿತು. ಪತನಕ್ಕೆ ಸಾಲದಂತಹ ಬೇರೆ ಕಾರಣಗಳೂ ಇದ್ದವು, ನಿಜ. ಆದರೆ ಮಗುವಿನ ಭವಿಷ್ಯದ ಬಗ್ಗೆ ತಂದೆತಾಯಿಗಿರುವ ಆತಂಕವನ್ನು ಮಾರಾಟದ ಗುರಿಯಾಗಿಸಿದರೆ ಲಾಭ ಬಂದರೂ ಅದು ತಪ್ಪೇ. ಗೆಳೆತನ, ನಂಬಿಕೆ ಲಾಭ ತರುತ್ತವೆ ಎಂಬ ಕಾರಣಕ್ಕೆ ಮಾತ್ರ ಅವುಗಳನ್ನು ಪೋಷಿಸುವವನು, ಲಾಭ ನಿಂತ ದಿನ ಅವುಗಳನ್ನು ಕೈಬಿಡುತ್ತಾನೆ.

ಸಿಂಧನೂರು ಸೀಮೆಗೆ ಅಪರಿಚಿತರು ಹೊಸಬರಲ್ಲ. ಕಾಲುವೆಯ ನೀರನ್ನು ಹಿಂಬಾಲಿಸಿ ಆಂಧ್ರದ ರೈತರು ಬಂದು ಕ್ಯಾಂಪುಗಳನ್ನು ಕಟ್ಟಿದರು. ಬಂಗಾಳಿ ನಿರಾಶ್ರಿತರಿಗೂ ಇಲ್ಲೇ ಪುನರ್ವಸತಿ ದೊರೆಯಿತು. ಭಾಷೆ ಬೇರೆಯಾದರೂ ಒಂದೇ ಮಾರುಕಟ್ಟೆಯಲ್ಲಿ ಕೊಡುವ ಕೊಳ್ಳುವ ವ್ಯವಹಾರ ಬೆಳೆಯಿತು. ಪರಕೀಯರು ನೆರೆಯವರಾಗುವ ಈ ಪಾಠ ಯಾವ ಮ್ಯಾನೇಜ್‌ಮೆಂಟ್ ಕಾಲೇಜಿನ ಪಾಠಕ್ಕೂ ಕಡಿಮೆಯದಲ್ಲ.

ಆದ್ದರಿಂದ ಹೊಸ ಉದ್ಯಮದ ಕನಸು ಕಾಣುವ ಯುವಕ ಯುವತಿಯರು ಮೊದಲು ಮಾತಿಗೆ ತಪ್ಪದಿರುವುದನ್ನು, ಕಷ್ಟದಲ್ಲಿ ಜೊತೆಗಾರನನ್ನು ಬಿಡದಿರುವುದನ್ನು ರೂಢಿಸಿಕೊಳ್ಳಲಿ. ಈಗಾಗಲೇ ಗೆದ್ದವರಿಗೂ ಒಂದು ಹೊಣೆಯಿದೆ. ಯಾರ ಪರಿಚಯವೂ ಇಲ್ಲದೆ, ಕೈಯಲ್ಲೊಂದು ಅರ್ಜಿ ಹಿಡಿದು ಸಣ್ಣ ಊರಿನಿಂದ ಬಂದವರಿಗೆ ಅವರು ಬಾಗಿಲು ತೆರೆಯಬೇಕು. ಎಲ್ಲ ಕಂಪೆನಿಗಳೂ ಒಂದಲ್ಲ ಒಂದು ದಿನ ಮಾರಾಟವಾಗಬಹುದು ಅಥವಾ ಮುಚ್ಚಬಹುದು. ಅವು ನಡೆದಷ್ಟು ಕಾಲ ಮನುಷ್ಯರನ್ನು ಹೇಗೆ ನಡೆಸಿಕೊಂಡವು ಎಂಬುದು ಮಾತ್ರ ಆ ಮನುಷ್ಯರ ಬದುಕಿನಲ್ಲಿ ಉಳಿಯುತ್ತದೆ.