ಊರು ಎಳೆಯುವ ತೇರು

ಊರು ದೊಡ್ಡದಾದರೆ ತಂಡವೂ ದೊಡ್ಡದಾಗುತ್ತದೆ ಎಂಬ ಲೆಕ್ಕ ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ತಾಳೆಯಾಗುವುದಿಲ್ಲ. ದಕ್ಷಿಣ ಕೆರೊಲಿನಾದ ಕ್ಲೆಮ್ಸನ್‌ನ ಜನಸಂಖ್ಯೆ 20 ಸಾವಿರ ಮುಟ್ಟುವುದಿಲ್ಲ. ಅಲ್ಲಿನ ಕ್ರೀಡಾಂಗಣದಲ್ಲಿ 80 ಸಾವಿರ ಜನ ಕೂರುತ್ತಾರೆ. 1981, 2016, 2018ರಲ್ಲಿ ಆ ಊರಿನ ತಂಡವೇ ರಾಷ್ಟ್ರೀಯ ಚಾಂಪಿಯನ್.

*

ಸಣ್ಣ ಊರಿನ ಸಂಪತ್ತು ಅದರ ಪಂದ್ಯದ ಶನಿವಾರ. ಮದುವೆಯ ದಿನವನ್ನೂ ಪಂದ್ಯದ ಪಟ್ಟಿ ನೋಡಿಯೇ ಗೊತ್ತುಮಾಡುವ ಮನೆಗಳು ಅಲ್ಲಿವೆ.

*

ಮಹಾನಗರದಲ್ಲಿ ಜನಕ್ಕೆ ಬರವಿಲ್ಲ, ಗಮನಕ್ಕೆ ಬರ. ಲಾಸ್ ಏಂಜಲೀಸ್‌ನಲ್ಲಿ 1995ರಿಂದ 2015ರವರೆಗೆ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ತಂಡವೇ ಇರಲಿಲ್ಲ. ಸುದ್ದಿಸಂಸ್ಥೆ ಎಪಿಯ ಮತದಾನದಲ್ಲಿ ಅಲ್ಲಿನ ಯುಎಸ್‌ಸಿ ವಿಶ್ವವಿದ್ಯಾಲಯದ ತಂಡ 2003, 2004ರಲ್ಲಿ ದೇಶಕ್ಕೇ ಮೊದಲಾದದ್ದು ಆ ಬಿಡುವಿನಲ್ಲಿ.

*

ಮನೆಯಂಗಳದ ಮಣ್ಣನ್ನು ಮೊದಲು ಅಗೆದು ನೋಡಬೇಕು. ಮಯಾಮಿ ವಿಶ್ವವಿದ್ಯಾಲಯದ ಕೋಚ್ ಹೊವಾರ್ಡ್ ಶ್ನೆಲೆನ್‌ಬರ್ಗರ್ ದಕ್ಷಿಣ ಫ್ಲಾರಿಡಾದ ಹುಡುಗರನ್ನೇ ನೆಚ್ಚಿ ತಂಡ ಕಟ್ಟಿದರು. 1983ರಲ್ಲಿ ಮೊದಲ ರಾಷ್ಟ್ರೀಯ ಪ್ರಶಸ್ತಿ ಬಂತು.

*

ಊರು ಎದುರಾಳಿಯ ಉಸಿರಿಗೂ ಕೈಹಾಕಬಲ್ಲದು. ವಯೋಮಿಂಗ್‌ನ ಲ್ಯಾರಮಿಯ ಮೈದಾನ 7,220 ಅಡಿ ಎತ್ತರದಲ್ಲಿದೆ. ತಗ್ಗಿನ ನಾಡಿನಿಂದ ಬಂದ ಹುಡುಗ ಕೊನೆಯ ಕ್ವಾರ್ಟರ್‌ನಲ್ಲಿ ಮಂಡಿಗೆ ಕೈಯೂರಿ, ಬಾಯಿ ತೆರೆದು ನಿಲ್ಲುತ್ತಾನೆ. ಆದರೆ ಆ ತೆಳು ಗಾಳಿ ಪರವೂರಿನ ಪಂದ್ಯಕ್ಕೆ ಜೊತೆಗೆ ಬರುವುದಿಲ್ಲ.

*

ಸಂಸ್ಥೆಗೆ ಮನಸ್ಸಿಲ್ಲದಿದ್ದರೆ ನಗರ ಏನೂ ಮಾಡದು. ಕಾಲೇಜು ಫುಟ್‌ಬಾಲ್‌ನ ಶ್ರೇಷ್ಠ ಆಟಗಾರನಿಗೆ ಕೊಡುವ ಹೈಸ್ಮನ್ ಟ್ರೋಫಿ ಮೊತ್ತಮೊದಲಿಗೆ 1935ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದ ಜೇ ಬರ್ವ್ಯಾಂಗರ್‌ಗೆ ಸಂದಿತು. 1939ರಲ್ಲಿ ವಿಶ್ವವಿದ್ಯಾಲಯವೇ ಆಟವನ್ನು ಕೈಬಿಟ್ಟಿತು. ಜನ ಕೂಗಿ ಹುರಿದುಂಬಿಸುತ್ತಿದ್ದ ಗ್ಯಾಲರಿಯ ಅಡಿಯಲ್ಲೇ 1942ರಲ್ಲಿ ಪರಮಾಣು ಸರಪಳಿ ಕ್ರಿಯೆ ನಡೆಯಿತು.

*

ತೇರನ್ನು ಊರೆಲ್ಲ ಸೇರಿ ಎಳೆಯಬಹುದು. ಗಾಲಿಗೆ ಮರದ ತುಂಡು ಕೊಟ್ಟು ದಾರಿ ತಿದ್ದಲು ಬಲ್ಲವನೇ ಬೇಕು. ಅಲಬಾಮಾ ವಿಶ್ವವಿದ್ಯಾಲಯದ ಊರು ಟಸ್ಕಲೂಸಾಕ್ಕೆ ಕೋಚ್ ಬೇರ್ ಬ್ರಯಂಟ್ ಆರು, ಕೋಚ್ ನಿಕ್ ಸೇಬನ್ ಆರು ರಾಷ್ಟ್ರೀಯ ಪ್ರಶಸ್ತಿ ತಂದರು. ಇಬ್ಬರ ನಡುವಿನ ಕಾಲು ಶತಮಾನದಲ್ಲಿ ಬಂದದ್ದು ಒಂದೇ, 1992ರಲ್ಲಿ. ಊರು ಅದೇ ಇತ್ತು, ಅದರ ಕೂಗೂ ಅದೇ ಇತ್ತು.

*

ಊರಿನ ಋಣ ಅಂಕಪಟ್ಟಿಯಲ್ಲಿ ತೀರುವುದಿಲ್ಲ. 2011ರ ಏಪ್ರಿಲ್ 27ರಂದು ಸುಂಟರಗಾಳಿ ಟಸ್ಕಲೂಸಾವನ್ನು ಸೀಳಿಕೊಂಡು ಹೋದಾಗ ಆಟಗಾರರು ಪರಿಹಾರದ ಕೆಲಸಕ್ಕೆ ಇಳಿದರು. ಆ ಸೀಸನ್‌ನ ಪ್ರಶಸ್ತಿಯೂ ಅವರದಾಯಿತು. ಎರಡರಲ್ಲಿ ಮೊದಲನೆಯದೇ ದೊಡ್ಡದು.

*

ಗೆದ್ದಾಗ ತುಂಬುವ ಗ್ಯಾಲರಿ ತಂಡದ ಸಾಧನೆ; ಸೋತಾಗಲೂ ತುಂಬುವ ಗ್ಯಾಲರಿ ಊರಿನ ಗುಣ. ನೆಬ್ರಾಸ್ಕಾದ ಲಿಂಕನ್‌ನಲ್ಲಿ, ಪ್ರೇಕ್ಷಕರಿಗೆ ಬಾಗಿಲು ತೆರೆದ ಯಾವ ಪಂದ್ಯಕ್ಕೂ 1962ರ ನವೆಂಬರ್‌ನಿಂದ ಈಚೆಗೆ ಟಿಕೆಟ್ ಮಿಕ್ಕಿಲ್ಲ. 2017ರಿಂದ 2023ರವರೆಗೆ ಸಾಲಾಗಿ ಏಳು ಸೀಸನ್ ಅಲ್ಲಿನ ತಂಡಕ್ಕೆ ಗೆಲುವಿಗಿಂತ ಸೋಲೇ ಹೆಚ್ಚು. ಆಗಲೂ ಮಿಕ್ಕಲಿಲ್ಲ.

*

ಊರು ಗೆಲ್ಲಿಸುವುದಿಲ್ಲ, ಗೆಲ್ಲುವವರೆಗೆ ಕಾಯುತ್ತದೆ. ನಿಮ್ಮೂರ ತಂಡ ಸೋಲುತ್ತಿದ್ದರೆ ಮುಂದಿನ ಪಂದ್ಯಕ್ಕೂ ಹೋಗಿ ಕುಳಿತುಕೊಳ್ಳಿ.